ಕೊನೆಯಲ್ಲಿ ನಡೆಯುವವನಿಗೆ

ಭಾನುವಾರ ಬೆಳಿಗ್ಗೆ

ಪ್ರೀತಿಯ ಬಾಲ,

ಈ ಹೆಸರಿನಿಂದ ಯಾರೂ ನಿನ್ನನ್ನು ಕರೆದು ಬಹಳ ದಿನವಾಗಿರಬೇಕು. ಬೆಟ್ಟ ಹತ್ತುವಾಗ ನೀನು ಯಾವಾಗಲೂ ಹಿಂದೆಯೇ ಇರುತ್ತಿದ್ದೆ ಎಂದು ನಿಮ್ಮಣ್ಣ ಇಟ್ಟ ಹೆಸರು. ಅವರು ಹೋದ ಮೇಲೆ ಹಾಗೆ ಕರೆಯಲು ಉಳಿದವಳು ನಾನೊಬ್ಬಳೇ. ನೀನೋ ಮನೆ ಕಡೆ ತಲೆಯೇ ಹಾಕುವುದಿಲ್ಲ.

ಹೋದ ತಿಂಗಳು ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಾಗ ರಿಪೇರಿಗೆ ನೀನೇ ಬಂದಿದ್ದೆಯಂತೆ. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲು ತೆರೆದು ಮುಚ್ಚಿ ನೋಡಿದೆಯಂತೆ, ನಮ್ಮ ಮಹಡಿಯಲ್ಲೂ. ಕಾವಲುಗಾರ ಹೇಳಿದ. ನಾನು ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಬೆಲ್ ಒತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಓಡಾಡಿಸುವವನಿಗೆ ಅತ್ತಿಗೆಯ ಬಾಗಿಲಿಗೆ ನಾಲ್ಕು ಹೆಜ್ಜೆ ನಡೆಯಲು ಆಗಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಸಂಕಟವಾಯಿತು.

ಯಾಕೆ ಬರುವುದಿಲ್ಲವೆಂದು ನನಗೆ ಗೊತ್ತು. ನಿಮ್ಮಣ್ಣನನ್ನು ಕಾಡಿನಿಂದ ಹೊತ್ತು ತಂದ ದಿನ ಆಸ್ಪತ್ರೆಯ ವರಾಂಡದಲ್ಲಿ ನೀನು ಹೇಳಿದ್ದು ಒಂದೇ ಮಾತು: "ಅತ್ತಿಗೆ, ಪಟ್ಟಿಗಳನ್ನ ಬಿಚ್ಚಿದ್ದು ನಾನೇ."

ದಾರಿಯೇ ಇಲ್ಲದ ಕಡೆ ನುಗ್ಗಿ, ಯಾರೂ ಕಾಣದ ಜಲಪಾತಗಳನ್ನು ಹುಡುಕುವುದು ನಿಮ್ಮಿಬ್ಬರ ಹುಚ್ಚು. ಹೊಲಿದು ಉಳಿದ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕೊಡುವುದು ನನ್ನ ಪಾಲಿನ ಕೆಲಸ. ಹೋಗುವಾಗ ಮುಂದಿರುವ ಅವರು ತಿರುವಿಗೊಂದರಂತೆ ಕೊಂಬೆಗೆ ಕಟ್ಟುತ್ತಿದ್ದರು. ಬರುವಾಗ ಹಿಂದಿರುವ ನೀನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಪಟ್ಟಿ ಉಳಿದರೂ ಅದನ್ನು ನೋಡಿಕೊಂಡು ಜನ ಬರುತ್ತಾರೆ, ಮುಂದಿನ ವರ್ಷ ಅಲ್ಲಿ ನೀರಿಗಿಂತ ಬಾಟಲಿಗಳೇ ಹೆಚ್ಚಿರುತ್ತವೆ ಎಂದು ಅವರ ಗೊಣಗಾಟ. ಆ ದಿನ ಮಾತ್ರ, ಜಲಪಾತದ ಬುಡದಿಂದ ವಾಪಸು ಹೊರಡುವಾಗ, ಮಂಜು ಕವಿಯುತ್ತಿದ್ದಂತೆ, "ನೀನು ನಡಿ, ನಾನು ಹಿಂದೆಯೇ ಬರುತ್ತೇನೆ" ಎಂದರಂತೆ. ನೀನು ನಡೆದೆ. ಕೈ ತನ್ನ ಅಭ್ಯಾಸದಂತೆ ಪಟ್ಟಿಗಳನ್ನು ಬಿಚ್ಚುತ್ತಾ ಹೋಯಿತು. ಹೊಳೆಯ ಹತ್ತಿರ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಆಮೇಲೆ ಅವರು ಕೊರಕಲಿನಲ್ಲಿ ಸಿಕ್ಕಾಗ ಎಲ್ಲರೂ ಅಂದುಕೊಂಡದ್ದು, ನಾನೂ ಅಂದುಕೊಂಡದ್ದು, ಗುರುತು ಕಾಣದೆ ದಾರಿ ತಪ್ಪಿದರು ಎಂದೇ.

ಈಗ ಕೇಳು. ಕಳೆದ ವಾರ ಮಗಳೂ ನಾನೂ ಅಲ್ಲಿಗೆ ಹೋಗಿದ್ದೆವು. ಅಪ್ಪ ಕೊನೆಗೆ ನೋಡಿದ ನೀರನ್ನು ತಾನೂ ನೋಡಬೇಕೆಂದು ಪಟ್ಟು ಹಿಡಿದಿದ್ದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ, ಈ ಹಾಳು ಮೊಣಕಾಲನ್ನು ಎಳೆದುಕೊಂಡು ನಾನೂ ಹೊರಟೆ. ಅಂದು ಅವರನ್ನು ಹೊತ್ತು ತಂದ ಅರಣ್ಯ ರಕ್ಷಕರೇ ಹೊಳೆಯವರೆಗೆ ಬಂದು, ಇನ್ನು ನೀರನ್ನೇ ಹಿಡಿದು ಹೋಗಿ ಎಂದರು. ಬಂಡೆಯಿಂದ ಬಂಡೆಗೆ ಕಾಲಿಟ್ಟು, ಕೆಲವು ಕಡೆ ಕೂತು ಜಾರಿಕೊಂಡು, ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಹೋದೆವು. ಸದ್ದೇ ಕೇಳಿರಲಿಲ್ಲ. ಒಂದು ದೊಡ್ಡ ಬಂಡೆಯನ್ನು ಬಳಸಿದ್ದೇ ತಡ, ಎದುರಿಗೇ ಇತ್ತು. ಅಷ್ಟೆತ್ತರದ ನೀರು ಧುಮುಕುವುದಿಲ್ಲ, ಕಲ್ಲನ್ನು ಸವರಿಕೊಂಡು ಮೆಲ್ಲಗೆ ಇಳಿಯುತ್ತದೆ. ಇದಕ್ಕೋಸ್ಕರ ಸತ್ತರಲ್ಲ ಎಂದು ಅದಕ್ಕೆ ಬೈಯಬೇಕೆಂದೇ ಹೋಗಿದ್ದೆ. ಬೈಯುವ ಬದಲು ಬೊಗಸೆಯೊಡ್ಡಿ ಕುಡಿದೆ.

ಮಗಳು ಎಡಗಡೆಯ ಬೇರುಗಳನ್ನು ಹಿಡಿದು ಮೇಲೆ ಹತ್ತಿದಳು. ಸ್ವಲ್ಪ ಹೊತ್ತಿಗೆ ಕೂಗಿ ಕರೆದಳು. ನಾನು ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ನೀರಿನ ನೆತ್ತಿಯ ಮೇಲೆ, ಒಂದು ಕೊಂಬೆಗೆ ಪಟ್ಟಿ ಕಟ್ಟಿತ್ತು. ಬಣ್ಣ ಪೂರ್ತಿ ಹೋಗಿತ್ತು, ಗಂಟಿನ ಒಳಗೆ ಮಾತ್ರ ಇನ್ನೂ ಕಿತ್ತಳೆ. ಅವರು ತೀರಿಕೊಂಡ ವಾರ ಒಬ್ಬ ಗಿರಾಕಿಯ ಕೋಟಿಗೆ ನಾನು ಹಾಕಿದ ಲೈನಿಂಗ್ ಬಟ್ಟೆ ಅದು. ಅಂಥದ್ದನ್ನು ಮೊದಲೂ ತಂದಿರಲಿಲ್ಲ, ಆಮೇಲೂ ತರಲಿಲ್ಲ. ಗಂಟು ನಿಮ್ಮಣ್ಣನದೇ, ತುದಿಯನ್ನು ಒಳಗೆ ಸಿಕ್ಕಿಸಿದ್ದು. ಇನ್ನೂ ಮೇಲೆ ಮತ್ತೊಂದು ಪಟ್ಟಿ. ಅದರಾಚೆ ಎಲ್ಲೋ ಇನ್ನೊಂದು ನೀರು ಬೀಳುವ ಸದ್ದು. ಆ ಎರಡನೆಯ ಪಟ್ಟಿಯ ಪಕ್ಕದಲ್ಲೇ ನೆಲ ಕುಸಿದಿದೆ. ಬಗ್ಗಿ ನೋಡಿದರೆ ಕೆಳಗೆ ಅದೇ ಕೊರಕಲು. ಅಂದು ಹುಡುಕಿದವರೆಲ್ಲ ಕೆಳಗೇ ಹುಡುಕಿದ್ದರು, ಇಲ್ಲಿಗೆ ಯಾರೂ ಹತ್ತಿರಲಿಲ್ಲ.

ಅರ್ಥವಾಯಿತೇ ನಿನಗೆ? ಅವರು ದಾರಿ ತಪ್ಪಲಿಲ್ಲ. ನೀನು ಬಿಚ್ಚಿದ ಪಟ್ಟಿಗಳನ್ನು ಅವರು ಹುಡುಕಲೇ ಇಲ್ಲ. ನಿನ್ನನ್ನು ಕೆಳಗೆ ಕಳಿಸಿ, ಹೊಸ ಪಟ್ಟಿ ಕಟ್ಟುತ್ತಾ ಮೇಲೆ ಹೋದರು. ಇನ್ನೊಂದು ತಿರುವು ಅಷ್ಟೇ, ಇನ್ನೊಂದು ತಿರುವು ಅಷ್ಟೇ ಎನ್ನುತ್ತಿದ್ದರಲ್ಲ, ಅದೇ ಚಾಳಿ. ನನಗೆ ಅಳು ಬರಲಿಲ್ಲ, ಕೋಪ ಬಂತು. ಸತ್ತವರ ಮೇಲಿನ ಕೋಪವನ್ನು ಎಲ್ಲಿ ತೀರಿಸಿಕೊಳ್ಳುವುದು ಹೇಳು? ಒಂದು ಮಾತೂ ಹೇಳದೆ ಹೋಗಿ, ಆ ಭಾರವನ್ನು ನಿನ್ನ ತಲೆಗೆ ಕಟ್ಟಿಬಿಟ್ಟರು. ನೀನು ಅದನ್ನು ಇಷ್ಟು ವರ್ಷ ಹೊತ್ತೆ. ಸಾಕು, ಇಳಿಸು.

ಮಗಳು ಪಟ್ಟಿ ಬಿಚ್ಚಲು ಕೈ ಹಾಕಿದಳು. ಬೇಡ ಎಂದೆ. ನಮ್ಮ ಮನೆಯಲ್ಲಿ ಬಿಚ್ಚುವ ಕೆಲಸ ಯಾರದೆಂದು ಅವಳಿಗೂ ಗೊತ್ತು. ಎರಡೂ ಅಲ್ಲೇ ಇವೆ, ನೀನು ಬಂದು ಬಿಚ್ಚಬೇಕು. ಅದಕ್ಕೆ ಮೊದಲು ಮನೆಗೆ ಬಾ, ಬೆಲ್ ಒತ್ತು. ಬಾಗಿಲು ತೆಗೆಯುವುದು ನಾನೇ.

ನಿನ್ನ ದಾರಿ ನೋಡುವ,
ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇಳಿಯುವ ಹೊತ್ತಾದಾಗ ಮಗಳು ಆ ಮೇಲಿನ ನೀರಿನ ಸದ್ದಿನ ಕಡೆಗೇ ನೋಡುತ್ತಾ ನಿಂತಿದ್ದಳು. "ಅಮ್ಮ, ನೀನು ನಡಿ, ನಾನು ಹಿಂದೇನೇ ಬರ್ತೀನಿ" ಅಂದಳು. ಅವರಪ್ಪ ಅಂದದ್ದೂ ಇದೇ ಎಂದು ನಾವು ಯಾರೂ ಅವಳಿಗೆ ಹೇಳಿದ್ದಿಲ್ಲ. ನಾನು ನಡೆಯಲಿಲ್ಲ. ಅವಳು ಮುಖ ಊದಿಸಿಕೊಂಡು ನನಗಿಂತ ಮುಂದೆ ಇಳಿಯುವ ತನಕ ಅಲ್ಲೇ ಕೂತೆ. ಮಳೆಗಾಲ ಕಳೆದ ಮೇಲೆ ಮತ್ತೆ ಹೋಗುತ್ತಾಳಂತೆ, ಬೇಡ ಎಂದರೆ ಕೇಳುವವಳಲ್ಲ. ನನ್ನ ಮೊಣಕಾಲು ಇನ್ನೊಮ್ಮೆ ಹತ್ತಲಾರದು. ನೀನು ಅವಳ ಹಿಂದೆ ಇರು. "ನಡಿ ಚಿಕ್ಕಪ್ಪ, ಬರ್ತೀನಿ" ಎಂದು ಅವಳು ಎಷ್ಟು ಸಲ ಹೇಳಿದರೂ ನೀನು ಮಾತ್ರ ಅವಳನ್ನು ಬಿಟ್ಟು ಮುಂದೆ ನಡೆಯಬಾರದು.