ಏಳು ಮರಿಗಳ ಸರ್ಟಿಫಿಕೇಟು

ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ತಂಗಿಗೆ,

ನಿನ್ನ ಮೂರು ಕಾಗದಗಳೂ ಮೇಜಿನ ಮೇಲೆಯೇ ಇವೆ. ಉತ್ತರ ಬರೆಯದೆ ಕೂತದ್ದಕ್ಕೆ ಬಾಯಿ ತುಂಬ ಬೈದುಕೋ. ನನಗೆ ಕೈನೋವು ಎಂದು ನಿನ್ನ ಭಾವನಿಂದ ಸುಳ್ಳು ಹೇಳಿಸಿದ್ದೆ. ಕೈಗೇನು ಧಾಡಿ, ಗುಂಡುಕಲ್ಲಿನ ಹಾಗಿದೆ.

ಭಾವ ಕ್ಷೇಮ. ದಿನವೂ ನಾಯಿಗೂಡುಗಳನ್ನು ತೊಳೆದು, ಸೊಂಟ ಹಿಡಿದುಕೊಂಡು, "ಇವುಗಳ ಪಾಡೇ ವಾಸಿ ಕಣೇ, ಹೊತ್ತೊತ್ತಿಗೆ ತಟ್ಟೆ ಮುಂದೆ ಬರುತ್ತೆ" ಎಂದು ಗೊಣಗುತ್ತಾರೆ. ಈ ವರ್ಷ ಒಂದೂ ಮರಿ ಹಾಕಿಸಿಲ್ಲ. ಮರಿಕೋಣೆಯ ಬಾಗಿಲು ಹಾಕಿದ್ದೇನೆ. ಫೋನ್ ಬಂದರೆ ಭಾವನ ಕೈಗೇ ಕೊಡುತ್ತೇನೆ.

ಮೊದಲಿಂದ ಹೇಳುತ್ತೇನೆ. ನಮ್ಮ ದೊಡ್ಡ ಗಂಡು ನಾಯಿ, ನೀನು 'ಯಜಮಾನ' ಎನ್ನುತ್ತಿದ್ದೆಯಲ್ಲ, ಅವನಿಗೆ ಕ್ಯಾನ್ಸರ್ ತರುವ ವಂಶದೋಷವಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಅಂಥ ಗುಣವಂತನ ವಂಶ ನಿಲ್ಲಿಸಲು ಮನಸ್ಸು ಬರಲಿಲ್ಲ. ದೋಷವಿಲ್ಲದ ಹೆಣ್ಣಿನ ಜೊತೆ ಕೂಡಿಸುವುದು, ಹುಟ್ಟಿದ ಮರಿಗಳನ್ನೆಲ್ಲ ಪರೀಕ್ಷಿಸುವುದು, ದೋಷ ಬಂದವಕ್ಕೆ ಮುಂದೆ ಮರಿ ಹಾಕಿಸದೆ ವರ್ಷಕ್ಕೆರಡು ಸಲ ಹೊಟ್ಟೆಯ ಸ್ಕ್ಯಾನ್ ಮಾಡಿಸುವುದು ಎಂದುಕೊಂಡೆವು. ಪರೀಕ್ಷೆ ಸುಲಭ. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯೊಳಗೆ ಉಜ್ಜಿ ಲ್ಯಾಬಿಗೆ ಕಳಿಸಬೇಕು.

ಏಳು ಮರಿಗಳು. ಎಚ್ಚರವಿದ್ದಾಗ ಒಂದೂ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ಹಾಲು ಕುಡಿಯುತ್ತಾ ಮಂಪರಿಗೆ ಜಾರಿದಾಗ ಒಂದೊಂದನ್ನೇ ಮೊಲೆಯಿಂದ ಬಿಡಿಸಿ ಉಜ್ಜಿದೆ. ಎಂಥ ಜಾಣೆ ನಾನು! ಏಳಕ್ಕೂ ದೋಷವಿಲ್ಲವೆಂದು ಬಂತು. ಕುಣಿದಾಡಿಬಿಟ್ಟೆ. ಸರ್ಟಿಫಿಕೇಟಿನ ಜೊತೆ ಏಳು ಮನೆಗೆ ಕೊಟ್ಟೆ. ನಿಮ್ಮ ಗೆಜ್ಜೆ ಆ ಏಳರಲ್ಲಿ ಕೊನೆಯವಳು.

ಕೆಲವು ವರ್ಷ ಏನೂ ಆಗಲಿಲ್ಲ. ಈ ವರ್ಷ, ದರ್ಜಿಯ ಮನೆಗೆ ಕೊಟ್ಟಿದ್ದ ನಾಯಿ ಓಡುತ್ತಿದ್ದಾಗಲೇ ಕುಸಿದು ಸತ್ತಿತು. ಹೊಟ್ಟೆಯೊಳಗಿನ ಗಡ್ಡೆ ಒಡೆದಿತ್ತಂತೆ. ತಿಂಗಳೊಪ್ಪತ್ತಿನಲ್ಲಿ ಮೇಷ್ಟರ ಮನೆಯದೂ ಹಾಗೆಯೇ ಹೋಯಿತು. ನಾಯಿ ಡಾಕ್ಟರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಮ್ಮಾ, ಕಡ್ಡಿ ಹಾಕೋ ಮುಂಚೆ ಮರಿಗಳನ್ನ ತಾಯಿಯಿಂದ ಎಷ್ಟೊತ್ತು ದೂರ ಇಟ್ಟಿದ್ರಿ?" ಎಂದರು. ಹಾಲು ಕುಡಿಯುತ್ತಿದ್ದಾಗಲೇ ಬಿಡಿಸಿ ಉಜ್ಜಿದ್ದು ಎಂದೆ. "ಹಾಲು ಕುಡಿದ ಬಾಯಲ್ಲಿ ತಾಯಿಯ ಜೀವಕೋಶ ಇರುತ್ತಲ್ವಾ? ನೀವು ಏಳು ಸಲ ತಾಯೀನೇ ಪರೀಕ್ಷೆ ಮಾಡ್ಸಿದೀರಿ."

ನಾಲ್ಕು ಮನೆಗೆ ನಾನೇ ಹೋಗಿ ಹೇಳಿ ರಕ್ತ ತೆಗೆಸಿದೆ. ಬೇಕರಿಯವಳು ಹೊಸ್ತಿಲಲ್ಲೇ ನಿಲ್ಲಿಸಿ, "ನಿನ್ನ ಬಾಯಿಗೆ ಮಣ್ಣು ಹಾಕ, ನನ್ನ ಮಗು ಇದ್ದಂಗೆ ಇದು" ಎಂದು ಅತ್ತಳು. ಅವಳದಕ್ಕೂ ದೋಷವಿದೆ, ಇನ್ನೊಂದಕ್ಕೂ ಇದೆ.

ಉಳಿದದ್ದು ನಿನ್ನ ಮನೆಯೊಂದೇ. ಫೋನಿನಲ್ಲಿ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಈ ಕಾಗದ ಸಿಕ್ಕಿದ ದಿನವೇ ಗೆಜ್ಜೆಯ ಸ್ಕ್ಯಾನ್ ಮಾಡಿಸು. ದಮ್ಮಯ್ಯ, ನಾಳೆ ಎನ್ನಬೇಡ. ನಿನ್ನ ಮಗಳು ಅವಳಿಗೆ ಒರಗಿಕೊಂಡೇ ಪಾಠ ಓದುತ್ತಾಳೆ ಎಂದು ಬರೆದಿದ್ದೆ. ಮಗುವಿಗೆ ಏನು ಹೇಳುತ್ತೀಯೋ ನನಗೆ ತಿಳಿಯದು.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ. ಮಗು ನೂರು ಕಾಲ ನಗುತ್ತಿರಲಿ.

ನಿನ್ನ
ಅಕ್ಕ

ತಾ.ಕ.: ಡಾಕ್ಟರು ಹೇಳುವ ಮೊದಲೇ ನನಗೆ ಗೊತ್ತಿತ್ತು ಕಣೇ. ಮರಿಗಳನ್ನು ಕೊಟ್ಟ ಮರುವಾರವೇ, ಏಳು ಮಾದರಿಗಳೂ ತಾಯಿಯದರಂತೆಯೇ ಕಾಣುತ್ತಿವೆ, ಮತ್ತೆ ಕಳಿಸಿ ಎಂದು ಲ್ಯಾಬಿನವರು ಬರೆದಿದ್ದರು. ಏಳು ಮನೆಯ ಮುಂದೆ ತಪ್ಪಾಯಿತು ಎನ್ನಲು ನಾಚಿಕೆಯಾಗಿ ಆ ಕಾಗದವನ್ನು ಡ್ರಾಯರಿಗೆ ತುರುಕಿದೆ. ದರ್ಜಿಯ ನಾಯಿಯನ್ನು ಮಣ್ಣು ಮಾಡಿದ ಮರುದಿನ ನೀನು ಫೋನ್ ಮಾಡಿ, "ಅಕ್ಕಾ, ಗೆಜ್ಜೆ ಸರಿಯಾಗಿ ತಿಂತಿಲ್ಲ, ಡಾಕ್ಟ್ರಿಗೆ ತೋರಿಸ್ಲಾ?" ಎಂದೆ. "ಅವಳಿಗೇನಾಗುತ್ತೆ, ಸರ್ಟಿಫಿಕೇಟ್ ಇಲ್ವಾ" ಎಂದೆ ನಾನು. ನೀನು ನಂಬಿದೆ, ತೋರಿಸಲಿಲ್ಲ.