ಏನನ್ನು ಓದಿದರೆ ನಿನ್ನಂತಾಗುವುದು

ಅಕ್ಕಾ,

ನಿನ್ನ ರಾಯಭಾರ ಕಚೇರಿಯ ವಿಳಾಸಕ್ಕೆ ಬರೆಯುವಾಗಲೆಲ್ಲ, ಯಾರೋ ನೋಡುತ್ತಿರುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ.

ನನ್ನ ಮಗಳು ನಿನ್ನ ಹಾದಿಯನ್ನೇ ಹಿಡಿಯುತ್ತಾಳಂತೆ. ವಿಶ್ವವಿದ್ಯಾಲಯದಲ್ಲಿ ಯಾವ ವಿಷಯ ಎಂಬುದೇ ಈಗ ಮನೆಯ ಜಗಳ. ಅವಳಪ್ಪ, "ಕಾನೂನು ಓದ್ಲಿ, ರಾಯಭಾರಿ ಆಗದಿದ್ರೂ ಕರಿಕೋಟಾದ್ರೂ ಉಳಿಯುತ್ತೆ" ಎನ್ನುತ್ತಾರೆ. ಅವಳ ಮೇಡಂ ಪ್ರಕಾರ ಅರ್ಥಶಾಸ್ತ್ರವೇ ಸರಿ. ಅವಳಿಗೆ ಬೇಕಿರುವುದು ಒಂದು ಪರಭಾಷೆ. ಅದನ್ನು ಆರಿಸಿಕೊಂಡರೆ ಎರಡನೆಯ ವರ್ಷವೇ ಆ ಭಾಷೆಯ ದೇಶಕ್ಕೆ ಹೋಗಿ ಓದಬೇಕು. ಮೊನ್ನೆ ನಿನ್ನನ್ನು ಕೇಳಿ ಫೋನ್ ಇಟ್ಟವಳು ಬಿದ್ದು ಬಿದ್ದು ನಕ್ಕಳು. "ದೊಡ್ಡಮ್ಮ ಒಂದು ಗಂಟೆ ಮಾತಾಡಿದ್ಲಮ್ಮ, ಆದ್ರೆ ಏನೂ ಹೇಳ್ಲಿಲ್ಲ!"

ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ.

ಅಪ್ಪ ಅಮ್ಮ ಮಾತು ಬಿಟ್ಟ ದಿನಗಳಲ್ಲಿ ಅಡುಗೆಮನೆಗೂ ವರಾಂಡಕ್ಕೂ ಸುದ್ದಿ ಸಾಗಿಸುತ್ತಿದ್ದವಳು ನೀನು. ಅಮ್ಮ, "ಬೇಕಾದ್ರೆ ಬಂದು ತಿನ್ಲಿ, ನಾನೇನು ಆಳಲ್ಲ" ಎಂದರೆ, ನೀನು ಹೊರಗೆ ಹೋಗಿ, "ಅಪ್ಪಾ, ಅಮ್ಮ ನಿಮಗೋಸ್ಕರ ಕಾಯ್ತಾ ಇದ್ದಾಳೆ" ಎನ್ನುತ್ತಿದ್ದೆ. ಅಪ್ಪ ಎದ್ದು ಬರುತ್ತಿದ್ದರು. ನೀನು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಒಂದಕ್ಷರ ಬಿಡದೆ ಹೇಳಿದ್ದನ್ನೇ ತಲುಪಿಸುತ್ತಿದ್ದೆ; ಮನೆಯಲ್ಲಿ ವಾರಗಟ್ಟಲೆ ತಟ್ಟೆ ಲೋಟಗಳಷ್ಟೇ ಮಾತಾಡುತ್ತಿದ್ದವು. ಅನುವಾದದ ಕಾದಂಬರಿಗಳನ್ನು ಇಷ್ಟೊಂದು ಓದಿದರೂ ನಿನ್ನ ಅನುವಾದ ನನಗೆ ಕೈಹತ್ತಲಿಲ್ಲ.

ನನ್ನೊಡನೆ ಮಾತ್ರ ಆಗ ನಿನಗೆ ಆ ನಯವಿರಲಿಲ್ಲ. "ಹೋಗೇ ಕೋತಿ, ನನ್ನ ದಿಂಬು ಬಿಡು" ಎಂದು ಜಡೆ ಜಗ್ಗುತ್ತಿದ್ದೆ. ಈಗ ರಜೆಗೆ ಬಂದರೆ ಮಂಚದ ತುದಿಯಲ್ಲಿ ನೆಂಟರಂತೆ ಕೂರುತ್ತೀ, ನಾನು ಏನು ಬಡಿಸಿದರೂ ಚೆನ್ನಾಗಿದೆ ಎನ್ನುತ್ತೀ. ನೀನು ಎದುರಿಗಿರುವಾಗಲೇ ನಿನ್ನ ನೆನಪಾಗುತ್ತದೆ.

ಮಗಳು ನನ್ನ ಒಪ್ಪಿಗೆಗೆ ಕಾಯುತ್ತಿದ್ದಾಳೆ. ಭಾಷೆಯನ್ನೇ ಓದು ಎಂದು ಸಂಜೆ ಹೇಳಲಿದ್ದೇನೆ. ತಡೆದರೆ ಅವಳು ಮನೆಯಲ್ಲಿದ್ದೂ ದೂರವಾಗುತ್ತಾಳೆ. ಹಾಗಾಗಿ ಯಾವ ವಿಷಯ ಎಂದು ನಿನ್ನನ್ನು ಕೇಳುತ್ತಿಲ್ಲ. ಒಂದೇ ಒಂದು ಮಾತು ತೂಗಿ ನೋಡದೆ ಹೇಳು: ಅಲ್ಲಿ ನಿನ್ನನ್ನು ಗದರುವವರು ಯಾರಾದರೂ ಇದ್ದಾರೆಯೇ?

ಇಲ್ಲವಾದರೆ ಹೇಳು. ಅವಳಿಗೆ ಫೋನ್ ಮಾಡಿ ಗದರುವಾಗ ನಿನಗೂ ಮಾಡುತ್ತೇನೆ.

ಚಿಕ್ಕವರು ದೊಡ್ಡವರನ್ನು ಹರಸಬಾರದಂತೆ. ಆದರೂ, ಎಲ್ಲಿದ್ದರೂ ತಣ್ಣಗಿರು.

ನಿನ್ನ ತಂಗಿ