ಹೊಸ್ತಿಲ ಹೊರಗಿಟ್ಟ ನೀರು

ಹೊರ್ತಿ, ತಾ. ಇಂಡಿ
೧೧ ಫೆಬ್ರುವರಿ ೨೦೨೬, ಬುಧವಾರ

ನಮ್ಮ ಮನೆಯವರಿಗೆ ನಿಮ್ಮ ಸುರೇಖಾಳ ನಮಸ್ಕಾರ.

ಅಕ್ಷರ ಸೊಟ್ಟಗಿವೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು, ಸಿಟ್ಟಾಗದೆ ಓದಿರಿ. ನಿಮ್ಮ ಬೆನ್ನುನೋವು ಹೇಗಿದೆ? ಕೂತು ಉಣ್ಣಲು ಬಿಡುತ್ತಾರೋ, ಒಲೆಯ ಮುಂದೆ ನಿಂತೇ ಉಣ್ಣುತ್ತೀರೋ? ಅತ್ತೆ ಆರಾಮ ಇದ್ದಾರೆ. ನೀವು ತಂದ ಕೆಂಪು ರಿಬ್ಬನ್ ಬಿಚ್ಚಲು ಕೂಸು ಬಿಡುತ್ತಿಲ್ಲ, ಕಟ್ಟಿಕೊಂಡೇ ಮಲಗುತ್ತದೆ. ಫೋನಿನಲ್ಲಿ ಮಾತಾಡೋಣವೆಂದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ, ನನಗೆ ಬಾಯಿ ಬರುವುದಿಲ್ಲ. ಮತ್ತೆ ಯಾವಾಗ ಬರುತ್ತೀರಿ ಎಂದದ್ದಕ್ಕೆ ನೀವು "ನೋಡ್ತೇನಿ" ಅಂದು ಇಟ್ಟುಬಿಟ್ಟಿರಿ. ಅದಕ್ಕೇ ನೀವಿರುವ ಸಿಂದಗಿಗೆ ಬಳೆ ಮಾರಲು ಬರುವ ಗೌಸಬಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನೀವು ಅಲ್ಲಿ ಬಾರಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದಾಗ ನಾನು ಊರಿಗೆಲ್ಲ ಹೊಟೇಲೆಂದೇ ಹೇಳಿದ್ದೆ. ಇಲ್ಲಿ ಹೊಟೇಲೆಂದರೆ ಚಹಾ, ಮಿರ್ಚಿ ಭಜಿ. "ಬಾರ್ ಅಂದ್ರ ಇಲ್ಲಿ ಕುಡಿಯಾಕಷ್ಟ ಅಲ್ಲ, ಹೆಂಡ್ರು ಮಕ್ಕಳನ್ನ ಕರ್ಕೊಂಡು ಉಣ್ಣಾಕ ಬರ್ತಾರ. ನನ್ನ ಬದ್ನಿಕಾಯಿ ಎಣಗಾಯಿ ಕೇಳಿ ಹಾಕಿಸ್ಕೋತಾರ" ಎಂದು ನೀವು ನಗುತ್ತ ಹೇಳಿದ್ದಿರಿ. ಹೊರ್ತಿಯಲ್ಲಿ ಬಾರ್ ಎಂಬ ಮಾತನ್ನು ಹೆಂಗಸರು ದನಿ ತಗ್ಗಿಸಿ ಆಡುತ್ತಾರೆ, ಯಾರದೋ ಸಂಸಾರ ಮುಳುಗಿದ ಜಾಗ ಎಂಬಂತೆ. ಹೋದ ಶುಕ್ರವಾರ ನಳದ ಹತ್ತಿರ ಎದುರುಮನೆಯ ರಾಮವ್ವ ಎಲ್ಲರ ಮುಂದೆ ಕೇಳಿದಳು: "ಏನವಾ ಸುರೇಖಾ, ನಿನ್ನ ಗಂಡನ ಹೊಟೇಲಿನ್ಯಾಗ ಚಾ ಬಾಟ್ಲಿದಾಗ ಕೊಡ್ತಾರಂತಲ್ಲ?" ಎಲ್ಲರೂ ನಕ್ಕರು. ನಾನು ತುಂಬದ ಕೊಡ ಹೊತ್ತುಕೊಂಡು ಬಂದೆ.

ಮರುದಿನ ಸಂಜೆ ನೀವು ಬಂದಿರಿ. ನಾನು ಹೊಸ್ತಿಲ ಹೊರಗೆ ಬಕೆಟ್ ನೀರಿಟ್ಟು, "ಮೈಮ್ಯಾಲೆ ಹಾಕ್ಕೊಂಡು ಒಳಗ ಬರ್ರಿ" ಅಂದೆ. ಸತ್ತವರ ಮಣ್ಣಿಗೆ ಹೋಗಿ ಬಂದವರಿಗೆ ನಮ್ಮಲ್ಲಿ ಹಾಗೆ ಇಡುವುದು. ರಾಮವ್ವ ತನ್ನ ಕಟ್ಟೆಯ ಮೇಲೆ ಕೂತಿದ್ದಳು, ಅವಳು ನೋಡಲೆಂದೇ ಇಟ್ಟೆ. ನೀವು ಬಕೆಟ್ ನೋಡಿದಿರಿ, ನನ್ನನ್ನು ನೋಡಿದಿರಿ. "ಯಾರ್ ಸತ್ತಾರ?" ಎಂದು ಮೆಲ್ಲಗೆ ಕೇಳಿದಿರಿ. ಒಬ್ಬಳು ನಗಬಾರದೆಂದು ನಿಮ್ಮನ್ನು ನಿಮ್ಮ ಬಾಗಿಲಲ್ಲೇ ನಿಲ್ಲಿಸಿದೆ. ಕೈಯಲ್ಲಿದ್ದ ಡಬ್ಬಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು ನೀವು ಜಳಕ ಮಾಡಿದಿರಿ. ರಜೆ ಇನ್ನೂ ಇದ್ದರೂ ಮರುದಿನ ನಸುಕಿನ ಬಸ್ಸಿಗೆ ಹೋದಿರಿ. ಡಬ್ಬಿ ಅಲ್ಲೇ ಇತ್ತು. ಅದರಲ್ಲಿ ಎಣಗಾಯಿ. ಸ್ವಲ್ಪ ಹುಳಿ ಬಂದಿತ್ತು. ಒಲೆಯ ಮುಂದೆ ನಿಂತು ಅಷ್ಟನ್ನೂ ನಾನೇ ತಿಂದೆ.

ಬೆನ್ನಿಗೆ ಬಿಸಿ ಎಣ್ಣೆ ಹಚ್ಚಿಸಿಕೊಳ್ಳಿರಿ. ಅತ್ತೆ ಹರಸಿದ್ದಾರೆ, ಕೂಸು ಮುತ್ತು ಕೊಟ್ಟಿದೆ.

ನಿಮ್ಮ
ಸುರೇಖಾ

ಗೌಸಬಿ ಬಾಗಿಲಲ್ಲೇ ನಿಂತಿದ್ದಾಳೆ, ಇದೊಂದು ಮಾತು. ಶನಿವಾರ ಬರ್ರಿ. ನೀವು ಹೋದಾಗಿನಿಂದ ಆ ಬಕೆಟ್ ಹೊರಗೇ ಇತ್ತು, ಅತ್ತೆಯೂ ಮುಟ್ಟಲಿಲ್ಲ. ಇಂದು ಮುಂಜಾನೆ ರಾಮವ್ವ ಕಟ್ಟೆಗೆ ಬಂದು ಕೂತಳು. "ನಮ್ಮ ಮನಿಯವರು ಬಾರಿನ್ಯಾಗ ಅಡಗಿ ಮಾಡ್ತಾರ ನೋಡ ರಾಮವ್ವಾ, ಎಣಗಾಯಿ ಭಾಳ ಚಂದ ಮಾಡ್ತಾರ" ಅಂದೆ. ಅವಳಿಗೆ ಕೇಳಿಸಿತು. ಆಮೇಲೆ ಬಕೆಟ್ ಎತ್ತಿಕೊಂಡು ಹೋಗಿ ಒಳಗೆ ಬಚ್ಚಲಲ್ಲಿಟ್ಟೆ.